ಹೊಸ ತಂಡದಲ್ಲಿ ಮೊದಲ ಪಾಸ್

'ದುಡ್ಡು ದಂಡ ಕಣಲೇ. ಸಾವಿರ ಕೋಟಿ ಕೊಟ್ಟು ತಂದಾರೆ, ಒಂದು ಗೋಲಿಲ್ಲ!'

ಹರಿಹರದಿಂದ ದಾವಣಗೆರೆಗೆ ಹೋಗುವ ಬೆಳಗಿನ ಬಸ್ಸು. ಕಾಲಿಡಲು ಜಾಗವಿಲ್ಲ. ಪಕ್ಕದಲ್ಲಿ ನೇತಾಡುತ್ತಿದ್ದ ಗೆಳೆಯ ಆ ರಶ್ಶಿನಲ್ಲೂ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಿದ್ದ. ಪರದೆಯ ಮೇಲೆ ಫ್ಲೋರಿಯನ್ ವಿರ್ಟ್ಸ್ ಎಂಬ ಜರ್ಮನಿಯ ಹುಡುಗ ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದ. ಕೆಳಗೆ ನಗುವ ಇಮೋಜಿಗಳ ಸಾಲು. 2025ರ ಬೇಸಿಗೆಯಲ್ಲಿ ಲಿವರ್‌ಪೂಲ್ ಕ್ಲಬ್ ಅವನನ್ನು ಲೆವರ್‌ಕುಸೆನ್‌ನಿಂದ ಕೊಂಡಾಗ ಇಡೀ ಯುರೋಪ್ ತಿರುಗಿ ನೋಡಿತ್ತು. ಅದಕ್ಕೂ ಮುಂಚೆ 2023–24ರಲ್ಲಿ ಲೆವರ್‌ಕುಸೆನ್ ಒಂದೂ ಪಂದ್ಯ ಸೋಲದೆ ಜರ್ಮನ್ ಲೀಗ್ ಗೆದ್ದಿತ್ತು. ಆ ತಂಡದ ಆಟ ಹೆಣೆಯುತ್ತಿದ್ದವನೇ ಇವನು. ಇಂಗ್ಲೆಂಡಿಗೆ ಬಂದ ಮೇಲೆ ಲೀಗ್‌ನಲ್ಲಿ ತಿಂಗಳುಗಟ್ಟಲೆ ಗೋಲಿಲ್ಲ. ಅಷ್ಟಕ್ಕೇ 'ಫ್ಲಾಪ್' ಎಂಬ ಹಣೆಪಟ್ಟಿ.

ಬೇರೆ ದಿನವಾಗಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಅವತ್ತು ನಗು ಬರಲಿಲ್ಲ. ಬೆಂಗಳೂರಿನಲ್ಲಿ ನಾಲ್ಕು ವಾರದ ಇಂಟರ್ನ್‌ಶಿಪ್ ಮುಗಿಸಿ ನಾನು ಊರಿಗೆ ಬಂದು ಸ್ವಲ್ಪ ದಿನವಾಗಿತ್ತಷ್ಟೇ. ಅಲ್ಲಿ ಮೊದಲ ಎರಡು ವಾರ ನಾನೂ ಹೀಗೇ ತಲೆ ಬಗ್ಗಿಸಿಕೊಂಡು ನಡೆದಿದ್ದೆ. ನನ್ನ ಮೇಲೆ ಯಾರೂ ಸಾವಿರ ಕೋಟಿ ಹಾಕಿರಲಿಲ್ಲ, ಹಾಗಾಗಿ ಯಾರೂ ವಿಡಿಯೊ ಮಾಡಲಿಲ್ಲ. ವ್ಯತ್ಯಾಸ ಅಷ್ಟೇ.

ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಫುಟ್‌ಬಾಲ್.

ಕಷ್ಟ ಯಾಕೆ ಮಿಡ್‌ಫೀಲ್ಡರ್‌ಗೇ?

ತಂಡ ಬದಲಾಯಿಸಿದ ಎಲ್ಲರಿಗೂ ಹೊಂದಿಕೊಳ್ಳಲು ಸಮಯ ಬೇಕು. ಆದರೆ ಎಲ್ಲರಿಗೂ ಒಂದೇ ಅಳತೆಯ ಕಷ್ಟ ಇರುವುದಿಲ್ಲ. ಗೋಲ್‌ಕೀಪರ್‌ಗೆ ಯಾವ ದೇಶಕ್ಕೆ ಹೋದರೂ ಗೋಲುಪೆಟ್ಟಿಗೆಯ ಅಳತೆ ಒಂದೇ: 24 ಅಡಿ ಅಗಲ, 8 ಅಡಿ ಎತ್ತರ. ಸ್ಟ್ರೈಕರ್ 89 ನಿಮಿಷ ಏನೂ ಮಾಡದೆ ಕೊನೆಯ ನಿಮಿಷದಲ್ಲಿ ಒಂದು ಗೋಲು ಹೊಡೆದರೆ ಮರುದಿನ ಪತ್ರಿಕೆಯಲ್ಲಿ ಅವನದೇ ಫೋಟೊ.

ಆಟ ಕಟ್ಟುವ ಮಿಡ್‌ಫೀಲ್ಡರ್‌ನ ಪಾಡು ಬೇರೆ. ಅವನು ಚೆಂಡನ್ನು ಜೊತೆಗಾರ ನಿಂತಿರುವ ಜಾಗಕ್ಕೆ ಕೊಡುವುದಿಲ್ಲ. ಇನ್ನೊಂದು ಕ್ಷಣದಲ್ಲಿ ಅವನು ತಲುಪಲಿರುವ ಜಾಗಕ್ಕೆ ಕೊಡುತ್ತಾನೆ. ಹಾಗೆ ಕೊಡಬೇಕಾದರೆ ಜೊತೆಗಾರ ಎಡಕ್ಕೆ ಓಡುತ್ತಾನೋ ಬಲಕ್ಕೋ, ಯಾವ ಕಾಲು ಅವನಿಗೆ ಚೆನ್ನಾಗಿ ಬರುತ್ತದೆ, ಡಿಫೆಂಡರ್‌ನ ಬೆನ್ನ ಹಿಂದೆ ನುಗ್ಗುವ ಧೈರ್ಯ ಇದೆಯೋ ಇಲ್ಲವೋ ಎಂಬುದೆಲ್ಲ ಮೊದಲೇ ಗೊತ್ತಿರಬೇಕು. ಇದನ್ನು ಯಾವ ಕೋಚೂ ಬೋರ್ಡಿನ ಮೇಲೆ ಬರೆದು ಕಲಿಸಲಾರ. ಜೊತೆಯಲ್ಲಿ ಆಡಿ ಆಡಿಯೇ ಬರಬೇಕು. ಹತ್ತು ಜನರ ಅಭ್ಯಾಸ ಅರ್ಥವಾಗುವ ತನಕ ಅವನ ಪಾಸ್‌ಗಳು ಖಾಲಿ ಜಾಗಕ್ಕೆ ಹೋಗಿ ಬೀಳುತ್ತವೆ. ಗ್ಯಾಲರಿಯಲ್ಲಿ ಕೂತವರಿಗೆ ಕಾಣುವುದು ಆ ತಪ್ಪಿದ ಪಾಸ್ ಮಾತ್ರ. ಅವನ ಕಣ್ಣಿಗೆ ಕಂಡಿದ್ದ ದಾರಿ ಬೇರೆ ಯಾರಿಗೂ ಕಾಣುವುದಿಲ್ಲ.

ಎರಡು ಪಾಸ್ ತಪ್ಪಿದ ಮೇಲೆ ಇನ್ನೊಂದು ಅಪಾಯ ಶುರುವಾಗುತ್ತದೆ. ಹುಡುಗ ಹೆದರಿ ಸುಲಭದ ಪಾಸ್ ಕೊಡತೊಡಗುತ್ತಾನೆ. ಹಿಂದಕ್ಕೆ, ಪಕ್ಕಕ್ಕೆ, ಯಾರೂ ಬೈಯದ ಕಡೆಗೆ. ತಪ್ಪು ಕಡಿಮೆಯಾಗುತ್ತದೆ ನಿಜ. ಆದರೆ ಯಾವ ಗುಣಕ್ಕಾಗಿ ಅವನನ್ನು ಕರೆತಂದಿದ್ದರೋ ಆ ಗುಣವೇ ಮೈದಾನದಲ್ಲಿ ಕಾಣದಂತಾಗುತ್ತದೆ.

ನಮ್ಮ ನೆಲದ ಚಾಪ್‌ಮನ್

ಇದಕ್ಕೆ ಇಂಗ್ಲೆಂಡ್ ತನಕ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರಿನಲ್ಲೇ ಒಬ್ಬರಿದ್ದರು: ಕಾರ್ಲ್‌ಟನ್ ಚಾಪ್‌ಮನ್. ನನ್ನ ವಯಸ್ಸಿನವರಲ್ಲಿ ಹೆಚ್ಚಿನವರಿಗೆ ಈ ಹೆಸರು ಗೊತ್ತಿಲ್ಲ. ನನಗೂ ಗೊತ್ತಾಗಿದ್ದು 2020ರ ಅಕ್ಟೋಬರ್ 12ರಂದು ಅವರು ತೀರಿಕೊಂಡ ಸುದ್ದಿ ಬಂದಾಗಲೇ. ಆಗ ಅವರಿಗೆ ಬರೀ 49 ವರ್ಷ. ಲಾಕ್‌ಡೌನ್ ಕಾಲ, ನಾನು ಹೈಸ್ಕೂಲು ಹುಡುಗ. ಇಂಥ ಆಟಗಾರ ನಮ್ಮ ರಾಜ್ಯದಲ್ಲೇ ಇದ್ದರಾ ಅಂತ ಆಶ್ಚರ್ಯವಾಗಿತ್ತು.

ಚಾಪ್‌ಮನ್ ಹುಟ್ಟಿದ್ದು 1971ರಲ್ಲಿ. ಬೆಂಗಳೂರಿನ ಕ್ರೀಡಾ ಹಾಸ್ಟೆಲ್‌ನಲ್ಲಿ ಕಲಿತು, ಸದರ್ನ್ ಬ್ಲೂಸ್ ಎಂಬ ಸ್ಥಳೀಯ ಕ್ಲಬ್‌ಗೆ ಆಡಿ, ಆಮೇಲೆ ಜೆಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಆಗ ಅವರ ವಯಸ್ಸು ಹೆಚ್ಚುಕಡಿಮೆ ಈಗ ನಮ್ಮ ವಯಸ್ಸೇ. 1987ರಲ್ಲಿ ಶುರುವಾದ ಆ ಅಕಾಡೆಮಿಗೆ ದೇಶದ ಮೂಲೆ ಮೂಲೆಗಳಿಂದ ಹುಡುಗರು ಬರುತ್ತಿದ್ದರು.

ಅಲ್ಲಿಂದ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್. ಆ ನಗರದಲ್ಲಿ ಫುಟ್‌ಬಾಲ್ ಎಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಆರ್‌ಸಿಬಿ ಮ್ಯಾಚಿನ ರಾತ್ರಿ ದಾವಣಗೆರೆಯ ಗಲ್ಲಿಗಳಲ್ಲಿ ಏನಾಗುತ್ತದೋ, ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಎದುರುಬದುರಾದಾಗ ಇಡೀ ಕೋಲ್ಕತ್ತದಲ್ಲಿ ಅದು ಆಗುತ್ತದೆ. ಅಂಥ ಕಡೆ ಭಾಷೆ ಬೇರೆ, ಊಟ ಬೇರೆ, ಒಂದು ಪಂದ್ಯ ಸೋತರೆ ಬೀದಿಯಲ್ಲಿ ಕೇಳುವ ಪ್ರಶ್ನೆಗಳೂ ಬೇರೆ. 22 ವರ್ಷದ ಬೆಂಗಳೂರು ಹುಡುಗ ಅಲ್ಲಿನ ಮಧ್ಯಮೈದಾನದಲ್ಲಿ ನಿಲ್ಲಬೇಕಿತ್ತು.

ನಿಂತರು. ಏಷ್ಯನ್ ಕಪ್ ವಿನ್ನರ್ಸ್ ಕಪ್ ಟೂರ್ನಿಯಲ್ಲಿ ಇರಾಕಿನ ಅಲ್ ಜವ್ರಾ ಕ್ಲಬ್ ಎದುರು ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಅದರಲ್ಲಿ ಚಾಪ್‌ಮನ್ ಅವರದೇ ಮೂರು ಗೋಲು. ಇರಾಕಿನ ಹೆಸರಾಂತ ಕ್ಲಬ್ ಎದುರು ಒಬ್ಬ ಭಾರತೀಯ ಮಿಡ್‌ಫೀಲ್ಡರ್ ಹ್ಯಾಟ್ರಿಕ್ ಹೊಡೆಯುವುದು ಆಗಲೂ ಅಪರೂಪ, ಈಗಲೂ ಅಪರೂಪ. ಅಂದ ಮೇಲೆ ಹೆಸರು ಬಂತು, ಜಾಗ ಗಟ್ಟಿಯಾಯಿತು. ಇನ್ನು ಅಲ್ಲೇ ಇದ್ದುಬಿಡಬಹುದಿತ್ತು.

ಆದರೆ 1995ರಲ್ಲಿ ಅವರು ಪಂಜಾಬಿನ ಫಗ್ವಾರಕ್ಕೆ ಹೋದರು. ಜೆಸಿಟಿ ಎಂಬ ಬಟ್ಟೆ ಗಿರಣಿಯ ತಂಡ ಅದು. ಗಿರಣಿಗಳ ಊರಾಗಿದ್ದ ದಾವಣಗೆರೆಯವರಿಗೆ ಗಿರಣಿ ತಂಡ ಎಂದರೆ ತಟ್ಟನೆ ಅರ್ಥವಾದೀತು. ಮತ್ತೆ ಹೊಸ ಊರು, ಮತ್ತೆ ಹೊಸ ಭಾಷೆ. ಒಂದು ಅನುಕೂಲವೆಂದರೆ ಈಸ್ಟ್ ಬೆಂಗಾಲ್‌ನಲ್ಲಿ ಜೊತೆಗಿದ್ದ ಸಿಕ್ಕಿಂನ ಹುಡುಗ ಬೈಚುಂಗ್ ಭುಟಿಯಾ ಕೂಡ ಅದೇ ವರ್ಷ ಅಲ್ಲಿಗೆ ಬಂದರು. ಕೇರಳದ ಐ.ಎಂ. ವಿಜಯನ್ ಅಲ್ಲಿದ್ದರು. ಕರ್ನಾಟಕ, ಸಿಕ್ಕಿಂ, ಕೇರಳ ಈ ಮೂರೂ ಸೇರಿದ್ದು ಪಂಜಾಬಿನಲ್ಲಿ! ಮೂವರಿಗೂ ಅದು ಪರವೂರು.

ಈ ಮೂವರ ಜೋಡಿ ಏನು ಮಾಡಿತು ಎಂಬುದು ಭಾರತದ ಫುಟ್‌ಬಾಲ್ ಚರಿತ್ರೆಯಲ್ಲಿದೆ. 1996–97ರಲ್ಲಿ ದೇಶದಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ನಡೆಯಿತು. ಅದನ್ನು ಗೆದ್ದದ್ದು ಜೆಸಿಟಿ. ಆ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಭುಟಿಯಾ. ಪಟ್ಟಿಯಲ್ಲಿ ಗೋಲು ಹೊಡೆದವರ ಹೆಸರು ಇರುತ್ತದೆ. ಮಧ್ಯದಲ್ಲಿ ನಿಂತು ಆಟ ನಡೆಸಿದವರ ಹೆಸರನ್ನು ಹುಡುಕಬೇಕಾಗುತ್ತದೆ.

ಅಲ್ಲಿಂದ 1997ರಲ್ಲಿ ಹೊಸದಾಗಿ ಹುಟ್ಟಿದ್ದ ಎಫ್‌ಸಿ ಕೊಚ್ಚಿನ್. ಅಲ್ಲಿ ಒಂದೇ ಋತು. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್‌ಗೆ ವಾಪಸ್. ಇದನ್ನು ಯಾರಾದರೂ 'ಹಿಂದೆ ಹೋದ' ಅಂತ ಅನ್ನಬಹುದು. ಆದರೆ ವಾಪಸ್ ಹೋದವರು ಅದೇ ಕ್ಲಬ್‌ನ ನಾಯಕರಾಗಿ 2000–01ರಲ್ಲಿ ರಾಷ್ಟ್ರೀಯ ಲೀಗ್ ಗೆಲ್ಲಿಸಿಕೊಟ್ಟರು. ಭಾರತ ತಂಡದ ನಾಯಕತ್ವವನ್ನೂ ವಹಿಸಿದ್ದರು. 2001ರಲ್ಲಿ ವೃತ್ತಿಪರ ಆಟ ನಿಲ್ಲಿಸಿದರು.

ನನಗೆ ಇಷ್ಟವಾದ ಸಂಗತಿ ಇದರ ನಂತರದ್ದು. 2002ರಲ್ಲಿ ಅವರು ಕೋಚ್ ಆಗಿ ಮೊದಲು ಹೋಗಿದ್ದು ಅದೇ ಟಾಟಾ ಅಕಾಡೆಮಿಗೆ. ಹುಡುಗನಾಗಿ ಯಾವ ಗೇಟಿನೊಳಗೆ ಹೊಸಬರಾಗಿ ಹೋಗಿದ್ದರೋ ಅದೇ ಗೇಟು. ಈ ಸಲ ಒಳಗೆ ಅವರಿಗಾಗಿ ಕಾದಿದ್ದವರು ಬೇರೆ ಬೇರೆ ಊರಿನಿಂದ ಬಂದ ಹೊಸ ಹುಡುಗರು.

ಐವರು ಪಾಂಡವರು

ಚಾಪ್‌ಮನ್‌ಗಿಂತ ನಲವತ್ತನಾಲ್ಕು ವರ್ಷ ಮುಂಚೆ, 1949ರಲ್ಲಿ, ಬೆಂಗಳೂರಿನ ಇನ್ನೊಬ್ಬ ಯುವಕ ಇದೇ ಈಸ್ಟ್ ಬೆಂಗಾಲ್ ಸೇರಿದ್ದರು. ಅವರು ಅಹ್ಮದ್ ಖಾನ್. ಹುಟ್ಟಿದ್ದು 1926ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1–2ರಿಂದ ಸೋತ, ಬಹುತೇಕ ಬರಿಗಾಲಲ್ಲೇ ಆಡಿದ ಭಾರತ ತಂಡದಲ್ಲಿ ಅವರಿದ್ದರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಆಡುತ್ತಿದ್ದರು, ಹಾಗಾಗಿ ಜನ ಅವರನ್ನು ಹಾವಾಡಿಗ ಎಂದು ಕರೆಯುತ್ತಿದ್ದರು.

ಕೋಲ್ಕತ್ತದಲ್ಲಿ ಅವರ ಜೊತೆ ಮುಂದಿನ ಸಾಲಿನಲ್ಲಿ ಇದ್ದವರು ವೆಂಕಟೇಶ್, ಅಪ್ಪಾರಾವ್, ಸಾಲೇ, ಧನರಾಜ್. ಐವರೂ ದಕ್ಷಿಣ ಭಾರತದಿಂದ ಹೋದವರೇ. ಅಭಿಮಾನಿಗಳು ಅವರಿಗೆ 'ಪಂಚಪಾಂಡವರು' ಎಂದು ಹೆಸರಿಟ್ಟರು. 1949, 50, 51. ಸತತ ಮೂರು ವರ್ಷ ಈಸ್ಟ್ ಬೆಂಗಾಲ್ ಐಎಫ್‌ಎ ಶೀಲ್ಡ್ ಗೆದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 1–10ರಿಂದ ಸೋತಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು.

ಇಲ್ಲಿ ಒಂದು ಸಾಮ್ಯ ಇದೆ, ಗಮನಿಸಿ. ಅಹ್ಮದ್ ಖಾನ್‌ಗೆ ನಾಲ್ವರು ಹೊರಗಿನವರು ಜೊತೆಯಾದರು. ಚಾಪ್‌ಮನ್‌ಗೆ ಭುಟಿಯಾ, ವಿಜಯನ್ ಜೊತೆಯಾದರು. ಹೊಸ ಜಾಗದಲ್ಲಿ ಪ್ರತಿಭೆ ಅರಳಿದ ಕಡೆಯೆಲ್ಲ ಹತ್ತಿರದಲ್ಲಿ ಇನ್ನೊಬ್ಬ ಪರವೂರಿನವ ಇದ್ದಾನೆ. ಒಬ್ಬನ ಓಟ ಇನ್ನೊಬ್ಬನಿಗೆ ಅರ್ಥವಾಗಲು ಒಂದೇ ಭಾಷೆ ಬೇಕಿಲ್ಲ, ಒಂದೇ ತೆರನ ಪರದಾಟ ಸಾಕು ಅನ್ನಿಸುತ್ತದೆ.

ಎಲ್ಲ ಕಡೆ ತಾಳ್ಮೆಯೇ ಉತ್ತರವಲ್ಲ

ಹಾಗಂತ ಕಾಯುತ್ತ ಕೂತರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿದರೆ ಸುಳ್ಳಾದೀತು. ಬೆಲ್ಜಿಯಂನ ಕೆವಿನ್ ಡಿಬ್ರೂಯ್ನ ಅವರನ್ನು ಚೆಲ್ಸಿ ಕ್ಲಬ್ 2012ರ ಜನವರಿಯಲ್ಲಿ ಕೊಂಡಿತು. ಒಂದು ಋತು ಜರ್ಮನಿಯ ಬ್ರೆಮೆನ್ ತಂಡಕ್ಕೆ ಸಾಲ ಕೊಟ್ಟಿತು. ಅಲ್ಲಿ ಚೆನ್ನಾಗಿ ಆಡಿ ಬಂದರೂ ಚೆಲ್ಸಿಯಲ್ಲಿ ಬೆಂಚ್ ಬಿಟ್ಟು ಏಳಲು ಅವಕಾಶ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳಲ್ಲಿ. 2014ರ ಜನವರಿಯಲ್ಲಿ ಅವರು ಜರ್ಮನಿಯ ವೋಲ್ಫ್ಸ್‌ಬರ್ಗ್‌ಗೆ ಹೊರಟುಹೋದರು. ಮುಂದಿನ ವರ್ಷವೇ ಮ್ಯಾಂಚೆಸ್ಟರ್ ಸಿಟಿ ಅವರನ್ನು ಇಂಗ್ಲೆಂಡಿಗೆ ವಾಪಸ್ ಕರೆಸಿತು. ಅಲ್ಲಿ ಆರು ಬಾರಿ ಪ್ರೀಮಿಯರ್ ಲೀಗ್ ಗೆದ್ದರು. ಕಾಲು ಅದೇ, ಕಣ್ಣು ಅದೇ. ಬದಲಾಗಿದ್ದು ಅಂಗಿ ಮತ್ತು ಅವರನ್ನು ನಂಬಿದ ಜನ.

ಊರು ಬಿಡದೆಯೂ ಬೆಳೆಯಬಹುದು ಎನ್ನುವುದಕ್ಕೆ ಈಗಿನ ಉದಾಹರಣೆ ವಿನೀತ್ ವೆಂಕಟೇಶ್. ಬೆಂಗಳೂರಿನ ಹುಡುಗ. ಬೆಂಗಳೂರು ಎಫ್‌ಸಿಯ ಕಿರಿಯರ ತಂಡಗಳಲ್ಲೇ ಬೆಳೆದವನು. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ಎದುರು ಐಎಸ್ಎಲ್‌ಗೆ ಕಾಲಿಟ್ಟ ಮೊದಲ ಪಂದ್ಯದಲ್ಲೇ ಗೋಲು ಹೊಡೆದ. ಪಂದ್ಯದ ಏಕೈಕ ಗೋಲು ಅದು. ಆಗ ಅವನಿಗೆ 19. ಚಾಪ್‌ಮನ್ ಕಾಲದಲ್ಲಿ ಇಂಥ ಹುಡುಗ ಕೋಲ್ಕತ್ತದ ರೈಲು ಹತ್ತಲೇಬೇಕಿತ್ತು. ಬೆಂಗಳೂರು ಎಫ್‌ಸಿ ಹುಟ್ಟಿದ್ದೇ 2013ರಲ್ಲಿ. ಮನೆಯ ಹತ್ತಿರ ಒಳ್ಳೆಯ ಕ್ಲಬ್ ಇದ್ದರೆ ಒಬ್ಬ ಹುಡುಗನಿಗೆ ಎಷ್ಟು ವರ್ಷದ ಪರದಾಟ ಉಳಿಯುತ್ತದೆ ನೋಡಿ.

ಆದರೆ ನಮ್ಮಂಥ ಊರಿನವರಿಗೆ ಆ ಅನುಕೂಲ ಇಲ್ಲ. ಫುಟ್‌ಬಾಲ್ ಇರಲಿ, ಕ್ರಿಕೆಟ್ ಇರಲಿ, ಕೆಲಸ ಇರಲಿ, ಒಂದು ಹಂತ ದಾಟಿದ ಮೇಲೆ ಬಸ್ಸೋ ರೈಲೋ ಹತ್ತಲೇಬೇಕು. 'ದಾವಣಗೆರೆ ಎಕ್ಸ್‌ಪ್ರೆಸ್' ಎಂದೇ ಹೆಸರಾದ ಆರ್. ವಿನಯ್ ಕುಮಾರ್ ಕೂಡ ಹೊರಟವರೇ. ಹೊರಟು ಹೋಗಿ 2013–14 ಮತ್ತು 2014–15ರಲ್ಲಿ ಕರ್ನಾಟಕಕ್ಕೆ ಸತತ ಎರಡು ರಣಜಿ ಟ್ರೋಫಿ ಗೆಲ್ಲಿಸಿದ ನಾಯಕ. ಅವರ ಅಡ್ಡಹೆಸರಲ್ಲಿ ಊರೂ ಇದೆ, ರೈಲೂ ಇದೆ.

ಆರು ಪೀಸ್

ಈಗ ನನ್ನ ಕಥೆ. ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಹರಿಹರ ಒಂದು ಕಾಲಕ್ಕೆ ದೇಶಕ್ಕೆಲ್ಲ ಲೇತ್ ಮಾಡಿ ಕಳಿಸಿದ ಊರು. ಪಕ್ಕದ ಗುತ್ತೂರಿನ ನಮ್ಮ ಮನೆಯಲ್ಲೂ ಲೇತ್, ಡ್ರಿಲ್, ಟ್ಯಾಪ್ ಎಂಬ ಮಾತುಗಳು ಅನ್ನ ಸಾರಿನಷ್ಟೇ ಸಲೀಸು. ದೊಡ್ಡಪ್ಪ ಲೇತ್ ಕೆಲಸದವರು. ಕಾಲೇಜಿನ ವರ್ಕ್‌ಶಾಪಿನಲ್ಲಿ ಗೆಳೆಯರಿಗೆ ಡೌಟ್ ಬಂದರೆ ನನ್ನನ್ನೇ ಕೇಳುತ್ತಿದ್ದರು. ಆ ಹಮ್ಮಿನಲ್ಲೇ ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಗೆ ಇಂಟರ್ನ್‌ಶಿಪ್‌ಗೆ ಹೋದೆ.

ಹೋದ ದಿನವೇ ಬಾಯಿ ಕಟ್ಟಿತು. ಅಲ್ಲಿ ಇಂಜಿನಿಯರುಗಳ ಮಾತು ಇಂಗ್ಲಿಷು, ಆಪರೇಟರುಗಳ ಮಾತು ಅರ್ಧ ಹಿಂದಿ, ಅರ್ಧ ತಮಿಳು. ನಾನು ಮೊದಲು ತಲೆಯಲ್ಲಿ ವಾಕ್ಯ ಜೋಡಿಸಿಕೊಂಡು, ವ್ಯಾಕರಣ ನೋಡಿ, ಬಾಯಿ ತೆಗೆಯುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು. ಯಾರೂ ಅವಮಾನ ಮಾಡಲಿಲ್ಲ. ನಾನೇ ಮೂಲೆ ಹಿಡಿದೆ. ಕೇಳಿದ್ದಕ್ಕೆಲ್ಲ 'ಯೆಸ್ ಸರ್', 'ಓಕೆ ಸರ್'. ನನ್ನ ಸುಲಭದ ಪಾಸ್‌ಗಳು ಇವೇ.

ಎರಡನೇ ವಾರ ಒಂದು ದಿನ ಮಷಿನ್ ಪಕ್ಕದ ಕ್ಲಿಪ್ಪಿನಲ್ಲಿದ್ದ ಡ್ರಾಯಿಂಗ್ ನೋಡಿದೆ. ರಂಧ್ರದ ಅಳತೆ 8.5 ಮಿ.ಮೀ. ಎಂದಿತ್ತು. ಅಂದರೆ ಎಂ10 ಟ್ಯಾಪ್‌ಗೆ. ಆದರೆ ಬೆಳಿಗ್ಗೆ ಕಂಪ್ಯೂಟರಿನಲ್ಲಿ ನಾನು ನೋಡಿದ್ದ ಹೊಸ ಡ್ರಾಯಿಂಗ್‌ನಲ್ಲಿ ಅದು ಎಂ8 ಆಗಿತ್ತು, ರಂಧ್ರ 6.8 ಮಿ.ಮೀ. ಇರಬೇಕಿತ್ತು. ಹಳೆಯ ಹಾಳೆ ಬದಲಾಯಿಸಿರಲಿಲ್ಲ. ನನಗೆ ಸ್ಪಷ್ಟವಾಗಿ ಕಾಣಿಸಿತು. ಹೇಳಲಿಲ್ಲ. 'ಅವರಿಗೆ ಗೊತ್ತಿರುತ್ತೆ ಬಿಡು, ನಾನ್ಯಾರು ಹೇಳೋಕೆ' ಅಂದುಕೊಂಡೆ. ರಂಧ್ರ ಚಿಕ್ಕದಾಗಿದ್ದರೆ ದೊಡ್ಡದು ಮಾಡಬಹುದು, ದೊಡ್ಡದಾಗಿದ್ದನ್ನು ಚಿಕ್ಕದು ಮಾಡಲಾಗದು. ಮಧ್ಯಾಹ್ನದ ಹೊತ್ತಿಗೆ ಆರು ಪೀಸ್ ಸ್ಕ್ರ್ಯಾಪ್ ಡಬ್ಬಕ್ಕೆ ಹೋದವು. ಬೈಸಿಕೊಂಡವರು ಆಪರೇಟರ್.

ಸಂಜೆ ತಡೆಯಲಾಗಲಿಲ್ಲ. ಚಹಾ ಅಂಗಡಿ ಹತ್ತಿರ ಅವರ ಬಳಿ ಹೋಗಿ, ಬರುವ ಹಿಂದಿಯಲ್ಲೇ ತಡವರಿಸುತ್ತ, ನನಗೆ ಬೆಳಿಗ್ಗೆಯೇ ಗೊತ್ತಾಗಿತ್ತು ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, 'ಯಾವೂರಪ್ಪಾ ನಿಂದು?' ಅಂತ ಕನ್ನಡದಲ್ಲೇ ಕೇಳಿದರು! ಗುತ್ತೂರು, ಹರಿಹರದ ಹತ್ರ ಅಂದೆ. ಅವರು ರಾಣೆಬೆನ್ನೂರಿನ ಕಡೆಯವರು. ಹೊಳೆ ದಾಟಿದರೆ ಅವರ ಸೀಮೆ. ಎರಡು ವಾರದಿಂದ ಒಂದೇ ಮಷಿನ್ ಹತ್ತಿರ ನಿಂತಿದ್ದೆವು, ಇಬ್ಬರೂ ಹಿಂದಿಯಲ್ಲಿ ಹೆಣಗಾಡುತ್ತಿದ್ದೆವು.

'ತಪ್ಪು ಹೇಳಿದ್ರೆ ಏನಾಗ್ತದೆ ತಮ್ಮಾ? ಒಂದ್ ಸಲ ನಗ್ತಾರೆ. ಹೇಳ್ದೆ ಇದ್ರೆ ನೋಡು, ಆರು ಪೀಸು' ಅಂದರು. ಚಹಾದ ದುಡ್ಡು ಅವರೇ ಕೊಟ್ಟರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನದಿಂದ ಒಂದು ಲೆಕ್ಕ ಹಾಕಿಕೊಂಡೆ. ದಿನಕ್ಕೆ ಒಂದು ಪ್ರಶ್ನೆ, ಒಂದು ಅಭಿಪ್ರಾಯ. ಬರುವ ಭಾಷೆಯಲ್ಲಿ, ವ್ಯಾಕರಣ ನೋಡದೆ. ಮೊದಲ ದಿನ ಕೇಳಿದ ಪ್ರಶ್ನೆಗೆ ಇಂಜಿನಿಯರ್ ನಕ್ಕರು, ನಿಜ. ಮೂರನೇ ವಾರದ ಕೊನೆಗೆ ಡ್ರಾಯಿಂಗ್ ಬಂದಾಗ ಅವರೇ 'ನೀನೊಮ್ಮೆ ನೋಡು' ಎಂದು ನನ್ನ ಕೈಗೆ ಕೊಟ್ಟರು. ದೊಡ್ಡ ಸಾಧನೆಯೇನಲ್ಲ. ಆದರೆ ಚೆಂಡು ನನ್ನ ಕಡೆ ಬರತೊಡಗಿತ್ತು.

ಅವತ್ತು ಬಸ್ಸಿನಲ್ಲಿ

ಹೊಸ ಜಾಗಕ್ಕೆ ಹೋದಾಗ ಪ್ರತಿಭೆ ಎಲ್ಲಿಯೂ ಹೋಗುವುದಿಲ್ಲ. ಕಣ್ಣಿಗೆ ಪಾಸ್ ಕಾಣುತ್ತಲೇ ಇರುತ್ತದೆ. ಹೋಗುವುದು ಅದನ್ನು ಕೊಡುವ ಧೈರ್ಯ. ಊರಲ್ಲಿ ಆ ಧೈರ್ಯ ನಮ್ಮದೇ ಅಂತ ಅಂದುಕೊಂಡಿರುತ್ತೇವೆ. ಅದರಲ್ಲಿ ಅರ್ಧದಷ್ಟು ನಮ್ಮನ್ನು ಬಲ್ಲವರು ಕೊಟ್ಟದ್ದು. ಹೊಸ ಊರಲ್ಲಿ ಅದನ್ನು ಮತ್ತೆ ಸೊನ್ನೆಯಿಂದ ಗಳಿಸಬೇಕು. ಚಾಪ್‌ಮನ್ ಅದನ್ನು ಜೆಮ್ಶೆಡ್‌ಪುರ, ಕೋಲ್ಕತ್ತ, ಫಗ್ವಾರ, ಕೊಚ್ಚಿ ಎಂದು ಮತ್ತೆ ಮತ್ತೆ ಗಳಿಸಿದರು.

ಇನ್ನು ಕೆಲವೇ ತಿಂಗಳಲ್ಲಿ ನಮ್ಮ ಪ್ಲೇಸ್‌ಮೆಂಟ್ ಶುರು. ನಮ್ಮಲ್ಲಿ ಕೆಲವರು ಪುಣೆಗೆ, ಕೆಲವರು ಚೆನ್ನೈಗೆ, ಬಹಳ ಮಂದಿ ಬೆಂಗಳೂರಿಗೆ ಹೊರಡುತ್ತೇವೆ. ಮೊದಲ ತಿಂಗಳು ನಾವೂ ಖಾಲಿ ಜಾಗಕ್ಕೆ ಪಾಸ್ ಕೊಡುತ್ತೇವೆ. ಆಗ ಪಕ್ಕದ ಸೀಟಿನಲ್ಲಿ ಇನ್ಯಾರೋ ಪರವೂರಿನವರು ಸುಮ್ಮನೆ ಕೂತಿರುತ್ತಾರೆ, ನೋಡಿ. ಯಾವೂರು ಅಂತ ನಾವೇ ಮೊದಲು ಕೇಳಬಹುದು.

ಬಸ್ಸಿನಲ್ಲಿ ಗೆಳೆಯ ಇನ್ನೂ ವಿಡಿಯೊ ನೋಡುತ್ತಿದ್ದ. 'ಏನಲೇ, ಸುಮ್ನಾದೆ? ಫ್ಲಾಪ್ ಹೌದೋ ಅಲ್ಲೋ?' ಅಂದ.

'ಅವನು ಬಂದು ಎಷ್ಟು ತಿಂಗಳಾತು?' ಅಂತ ಕೇಳಿದೆ. ಬೆರಳು ಮಡಚಿ ಎಣಿಸತೊಡಗಿದ. ಅಷ್ಟರಲ್ಲಿ ದಾವಣಗೆರೆ ಬಂತು.